ಆರು ಚುಕ್ಕೆಗಳ ಅಕ್ಷರಮಾಲೆ

ನಮ್ಮ ದೇಶದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಸ್ಥಾಪಿತವಾಯಿತು. ಮುಂದೆ ಒಂದೊಂದು ಕಡೆ ಒಂದೊಂದು ಬಗೆಯ ಬ್ರೈಲ್ ಲಿಪಿ ಬಳಕೆಗೆ ಬಂದು ತೊಡಕಾಯಿತು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಆ ತೊಡಕನ್ನು ಬಿಡಿಸಿತು. ಕನ್ನಡದ ಕಕಾರಕ್ಕೂ ಮಲಯಾಳ, ತೆಲುಗು, ಮರಾಠಿಗಳ ಕಕಾರಕ್ಕೂ ಅವೇ ಚುಕ್ಕೆಗಳು. ಗಡಿನಾಡಿನ ಅಂಧ ವಿದ್ಯಾರ್ಥಿಗೆ ಇದೊಂದು ಮಹೋಪಕಾರ. ತಾಯ್ನುಡಿಯಲ್ಲಿ ಪಳಗಿದ ಬೆರಳು ನೆರೆನುಡಿಯ ಅಕ್ಷರಗಳನ್ನೂ ಗುರುತಿಸಬಲ್ಲುದು.

1974ರ ಕೇಂದ್ರ ಯೋಜನೆ ಅಂಗವಿಕಲ ಮಕ್ಕಳಿಗೆ ಸಾಮಾನ್ಯ ಶಾಲೆಯ ಬಾಗಿಲು ತೆರೆಯಿತು. 1995ರ ಶಾಸನವೂ ಅದರ ಸ್ಥಾನಕ್ಕೆ ಬಂದ 2016ರ ಶಾಸನವೂ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ವಿಧಿಸಿದವು. ಪ್ರೌಢಶಾಲೆಯಲ್ಲಿ ಪಾಠದೊಡನೆ ಬಿಳಿಕೋಲು ಹಿಡಿದು ನಡೆಯುವುದು, ಹಣ ಎಣಿಸುವುದು, ನೆರೆನುಡಿಯಲ್ಲಿ ವ್ಯವಹರಿಸುವುದು ಇವೂ ಅವರಿಗೆ ಅಭ್ಯಾಸವಾಗಬೇಕು. ಕನ್ನಡ ಬ್ರೈಲ್ ಬಲ್ಲ ಅಧ್ಯಾಪಕರು ದೊರೆಯದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿದೀತು.