ಹಿಂದಿನ ಸೀಟಿಗೆ ತಡವಾಗಿ ಬಂದ ಬೆಲ್ಟು

1970ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಕಾರಿನ ಹಿಂದಿನ ಸೀಟಿನ ಬದಿಯಲ್ಲಿ, ಒಳಹೊದಿಕೆಯ ಹಿಂದೆ ಕೈಯಾಡಿಸಿದರೆ ಮರೆ ಹಾಕಿಕೊಂಡು ಕೂತಿರುವ ಒಂದು ತೂತು ಸಿಗುತ್ತದೆ. ಅದರ ಒಳಮೈಗೆ ತಿರುಪಿನ ಎಳೆ ಕೊರೆದಿರುತ್ತಾರೆ, ಸುತ್ತಲ ತಗಡನ್ನು ದಪ್ಪ ಮಾಡಿರುತ್ತಾರೆ. ಭುಜದ ಮೇಲಿಂದ ಬರುವ ಸೀಟ್ ಬೆಲ್ಟನ್ನು ಬಿಗಿಯಲು ಮಾಡಿದ ತೂತು ಅದು. 1972ರ ಜನವರಿಯಿಂದ ತಯಾರಾಗುವ ಕಾರುಗಳ ಹಿಂದಿನ ಸೀಟಿನ ಎರಡೂ ಕಿಟಕಿ ಬದಿಗೆ ಇಂಥ ತೂತು ಇರಲೇಬೇಕೆಂದು ಅಲ್ಲಿನ ಕಾನೂನು ಹೇಳಿತು. ಆದರೆ ಅದಕ್ಕೆ ಬೆಲ್ಟು ಸಿಕ್ಕಿಸಲೇಬೇಕು ಎಂದು ಹೇಳಿದ್ದು 1989ರ ಡಿಸೆಂಬರಿನ ನಂತರ ತಯಾರಾದ ಕಾರುಗಳಿಗೆ. ನಡುವಿನ ಹದಿನೇಳು ಹದಿನೆಂಟು ವರ್ಷ ತೂತು ಇತ್ತು, ಬಹುಪಾಲು ಕಾರುಗಳಲ್ಲಿ ಬೆಲ್ಟು ಇರಲಿಲ್ಲ. ಮಕ್ಕಳು, ಅಜ್ಜ ಅಜ್ಜಿಯರು ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿಯನ್ನು ನಂಬಿ ಅದೇ ತೂತಿನ ಪಕ್ಕದಲ್ಲಿ ಕೂತು ಸಾವಿರಾರು ಮೈಲಿ ಓಡಾಡಿದರು. ಹಿಂದಿನ ಸೀಟಿಗೆ ರಕ್ಷಣೆ ತಡವಾದದ್ದು ಅಲ್ಲಿ ಅಪಾಯ ಕಡಿಮೆ ಇತ್ತು ಎಂಬ ಕಾರಣಕ್ಕಲ್ಲ. ತಯಾರಕರ ಖರ್ಚು, ಅಧಿಕಾರಿಗಳ ಅನುಕೂಲ ನೋಡಿಕೊಂಡು ಅದನ್ನು ಮುಂದಕ್ಕೆ ಹಾಕಿದರು. ಕಾನೂನು ಸುಮ್ಮನಿದ್ದುದನ್ನು ಕಂಡ ಜನ ಅಲ್ಲಿ ಭಯವಿಲ್ಲ ಎಂದುಕೊಂಡರು. ಆ ನಂಬಿಕೆಯ ಫಲವನ್ನು ಹಳೆಯ ಕಾರುಗಳಲ್ಲಿ ಓಡಾಡುವ ಸಂಸಾರಗಳು ಇಂದಿಗೂ ಉಣ್ಣುತ್ತಿವೆ.

ತಿಳಿವಳಿಕೆ ಇರಲಿಲ್ಲ ಎನ್ನುವಂತಿಲ್ಲ. ಸೊಂಟ ಮತ್ತು ಎದೆ ಎರಡನ್ನೂ ಒಂದೇ ಪಟ್ಟಿಯಿಂದ ಹಿಡಿಯುವ, ಮೂರು ಕಡೆ ಬಿಗಿದ ಬೆಲ್ಟನ್ನು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು ವೋಲ್ವೊ ಕಂಪನಿಯಲ್ಲಿದ್ದಾಗ. ಅದಕ್ಕೂ ಮೊದಲು ಅವರು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಹೊರಕ್ಕೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. ಮನುಷ್ಯನ ಮೈ ಯಾವ ಎಳೆತವನ್ನು ಎಲ್ಲಿ ತಡೆದುಕೊಳ್ಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1959ರಲ್ಲಿ ಈ ಬೆಲ್ಟು ವೋಲ್ವೊ ಕಾರುಗಳ ಮುಂದಿನ ಸೀಟಿಗೆ ಬಂತು. ಪೇಟೆಂಟ್ ತನ್ನದಾಗಿದ್ದರೂ ಬೇರೆ ಕಂಪನಿಗಳು ಬಳಸಿಕೊಳ್ಳಲು ವೋಲ್ವೊ ಅಡ್ಡಿ ಮಾಡಲಿಲ್ಲ. 1967ರಲ್ಲಿ ಸ್ವೀಡನ್ನಿನ 28,000 ಅಪಘಾತಗಳ ವಿವರ ಕಲೆಹಾಕಿ ಅದು ವರದಿಯನ್ನೂ ಹೊರತಂದಿತು. ಅಲ್ಲಿಂದ ಮುಂದೆ ಈ ಬೆಲ್ಟಿನ ಉಪಯೋಗದ ಬಗ್ಗೆ ಪ್ರಾಮಾಣಿಕ ಅನುಮಾನಕ್ಕೆ ಜಾಗವಿರಲಿಲ್ಲ. ಹಾಗಿದ್ದೂ ಅದು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ, ಮೂರು ಅಡಿಯಷ್ಟು ದೂರ, ದಾಟಲು ಅಮೆರಿಕದಲ್ಲಿ ಇಷ್ಟೊಂದು ಕಾಲ ಹಿಡಿಯಿತು. ಹಿಂದೆ ಕೂತವರು ಇರುವ ಸೊಂಟಪಟ್ಟಿಯನ್ನೇ ಕಟ್ಟುವುದಿಲ್ಲ, ಇನ್ನು ದುಬಾರಿ ಬೆಲ್ಟು ಕೊಟ್ಟು ಏನು ಪ್ರಯೋಜನ ಎಂಬುದು ಮುಂದೆ ಬಂದ ವಾದ. ಈ ವಾದದ ಜಾಣತನ ನೋಡಬೇಕು: 1984ರ ಹೊತ್ತಿಗೆ ಆ ದೇಶದಲ್ಲಿ ಮುಂದೆ ಕೂತು ಓಡಿಸುವವರಲ್ಲೂ ಬೆಲ್ಟು ಕಟ್ಟುತ್ತಿದ್ದವರು ನೂರಕ್ಕೆ ಹದಿನಾಲ್ಕು ಮಂದಿಯಷ್ಟೇ. ಆ ಕಾರಣಕ್ಕೆ ಮುಂದಿನ ಬೆಲ್ಟನ್ನು ಯಾರೂ ಕಿತ್ತು ಹಾಕಲಿಲ್ಲ.

ಸೊಂಟಪಟ್ಟಿ ಇತ್ತಲ್ಲ, ಅದು ಸಾಲದೇ ಎಂದು ಕೇಳಬಹುದು. ಎದುರಿನಿಂದ ಡಿಕ್ಕಿಯಾದಾಗ ಆ ಪಟ್ಟಿ ಸೊಂಟವನ್ನು ಹಿಡಿದು ನಿಲ್ಲಿಸುತ್ತದೆ, ಮೇಲಿನ ದೇಹ ಮಾತ್ರ ಮುಂದಕ್ಕೆ ಮಡಚಿಕೊಳ್ಳುತ್ತದೆ. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಪಟ್ಟಿ, ಅದರಲ್ಲೂ ಮಕ್ಕಳಲ್ಲಿ, ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಯ ಮೇಲೆ ಕೂರುತ್ತದೆ. ಕರುಳು ಹರಿಯುವುದು, ಬೆನ್ನುಮೂಳೆ ಅಡ್ಡಡ್ಡ ಸೀಳುವುದು ಆಗಲೇ. ಅಂಥ ಬೆನ್ನುಮೂಳೆಯ ಸೀಳನ್ನು ಮ್ಯಾಂಚೆಸ್ಟರಿನ ಎಕ್ಸ್‌ರೇ ತಜ್ಞ ಚಾನ್ಸ್ 1948ರಲ್ಲೇ ಬರೆದಿಟ್ಟಿದ್ದರು. 1962ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೆಲ್ಟಿನಿಂದಾಗುವ ಗಾಯಗಳ ಗುಂಪಿಗೆ ಹೆಸರೂ ಬಿತ್ತು. 1986ರಲ್ಲಿ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 26 ಡಿಕ್ಕಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಸೊಂಟಪಟ್ಟಿ ಮಾತ್ರ ಕಟ್ಟಿಕೊಂಡವರಿಗೆ ಪಟ್ಟಿಯಿಂದಲೇ ಗಂಭೀರ ಗಾಯಗಳಾಗುತ್ತಿವೆ ಎಂದು ವರದಿ ಕೊಟ್ಟಾಗ ದೊಡ್ಡ ಗಲಾಟೆಯಾಯಿತು. ಹಾಗಾದರೆ ಪಟ್ಟಿ ಕಟ್ಟದಿರುವುದೇ ಮೇಲು ಎಂದು ಕೆಲವರು ಹೇಳತೊಡಗಿದರು. ಈ ಆಕ್ಷೇಪಕ್ಕೆ ಅಂಕಿಅಂಶಗಳೇ ಉತ್ತರ ಕೊಟ್ಟಿವೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1999ರಲ್ಲಿ ಕೊಟ್ಟ ಲೆಕ್ಕದಂತೆ, ಹಿಂದಿನ ಸೀಟಿನ ಕಿಟಕಿ ಬದಿಯಲ್ಲಿ ಸೊಂಟಪಟ್ಟಿ ಸಾವನ್ನು ನೂರಕ್ಕೆ 32ರಷ್ಟು ತಗ್ಗಿಸುತ್ತದೆ, ಮೂರು ಕಡೆ ಬಿಗಿದ ಬೆಲ್ಟು 44ರಷ್ಟು. ಅಂದರೆ ಬರೀ ಸೊಂಟಪಟ್ಟಿ ಏನೂ ಇಲ್ಲದ್ದಕ್ಕಿಂತ ವಾಸಿ, ಭುಜದ ಬೆಲ್ಟು ಅದಕ್ಕಿಂತ ವಾಸಿ. ಸೊಂಟಪಟ್ಟಿಯ ದೋಷದಿಂದ ಹೊರಡುವ ತೀರ್ಮಾನ ಬೆಲ್ಟನ್ನು ಪೂರ್ತಿ ಮಾಡಬೇಕೆಂಬುದು, ಬಿಟ್ಟುಬಿಡಬೇಕೆಂಬುದಲ್ಲ.

ಆ ಗಲಾಟೆಯ ಬಿಸಿಯಲ್ಲೇ ಹಳೆಯ ಕಾರುಗಳಿಗೆ ಹೊಸ ಬೆಲ್ಟು ಹಾಕಿಸುವ ಕಿಟ್‌ಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಮರೆತುಹೋಗಿದ್ದ ತೂತು ಆಗ ಕೆಲಸಕ್ಕೆ ಬಂತು. ಸೀಟು ಬಿಚ್ಚಿ, ಹೊದಿಕೆ ಸರಿಸಿ, ಬೋಲ್ಟು ತಿರುಗಿಸಿದರೆ ಹತ್ತು ಹದಿನೈದು ವರ್ಷದ ಕಾರಿಗೂ ಹೊಸ ಕಾರಿನ ಬೆಲ್ಟು. ಈ ಬೋಲ್ಟಿನ ಅಳತೆ 7/16 ಇಂಚು. ಮಿಕ್ಕೆಲ್ಲವೂ ಮಿಲಿಮೀಟರಿನಲ್ಲಿರುವ ಜಪಾನಿ ಕಾರುಗಳಲ್ಲೂ ಬೆಲ್ಟಿಗೆ ಮಾತ್ರ ಸಾಮಾನ್ಯವಾಗಿ ಇದೇ ಇಂಚಿನ ಬೋಲ್ಟು. ಬೆಲ್ಟು ಸುತ್ತಿಕೊಳ್ಳುವ ರೀಲಿನದು ಇನ್ನೂ ನಾಜೂಕಿನ ಕೆಲಸ. ಅದರೊಳಗೆ ಪುಟ್ಟ ಉಕ್ಕಿನ ಗುಂಡೊಂದು ಗುಳಿಯಲ್ಲಿ ಕೂತಿರುತ್ತದೆ. ಕಾರು ತಟ್ಟನೆ ನಿಧಾನವಾದರೆ ಗುಂಡು ಉರುಳಿ ಒಂದು ಕೊಕ್ಕೆಯನ್ನು ಮೇಲೆತ್ತುತ್ತದೆ, ಕೊಕ್ಕೆ ಹಲ್ಲುಚಕ್ರಕ್ಕೆ ಸಿಕ್ಕಿ ಪಟ್ಟಿ ಅಲ್ಲೇ ನಿಲ್ಲುತ್ತದೆ. ರೀಲನ್ನು ಅದಕ್ಕೆಂದೇ ಗೊತ್ತು ಮಾಡಿದ ಕೋನದಲ್ಲಿ ಕೂರಿಸದಿದ್ದರೆ ಗುಂಡು ಸದಾ ಒಂದು ಕಡೆಗೆ ವಾಲಿಕೊಂಡಿರುತ್ತದೆ, ಪಟ್ಟಿ ಹೊರಗೇ ಬರುವುದಿಲ್ಲ. ಗುಜರಿಯಿಂದ ತಂದ ಬೇರೆ ಕಾರಿನ ಬೆಲ್ಟು ಕೈಕೊಡುವುದು ಹೆಚ್ಚಾಗಿ ಇಲ್ಲೇ. ಬಿಗಿಯುವ ಜಾಗದ ಗಟ್ಟಿತನದ್ದು ಬೇರೆ ಮಾತು. ಭುಜದ ಭಾಗ, ಸೊಂಟದ ಭಾಗ ಎರಡನ್ನೂ ಒಟ್ಟಿಗೇ ತಲಾ 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ. ಬಲದಿಂದ ಎಳೆದರೂ ಕಿತ್ತು ಬರಬಾರದು ಎಂಬುದು ಅಮೆರಿಕದ ಪರೀಕ್ಷೆ. ಜೋಕಾಲಿಯ ಭರವಸೆ ಹಗ್ಗದಲ್ಲಷ್ಟೇ ಇಲ್ಲ, ಅದನ್ನು ಕಟ್ಟಿದ ತೊಲೆಯಲ್ಲಿದೆ.

ಹಳೆಯ ಕಾರುಗಳನ್ನು ಕಾನೂನಿನ ವ್ಯಾಪ್ತಿಗೆ ತರುವುದು ಆಗದ ಕೆಲಸ, ಹೊಸದಕ್ಕೆ ನಿಯಮ ಮಾಡಿ ಹಳೆಯದು ತಾನಾಗಿ ಸಾಯುವವರೆಗೆ ಕಾಯುವುದೇ ದಾರಿ ಎಂಬುದು ಸರ್ಕಾರಗಳ ಮಾಮೂಲಿ ಉತ್ತರ. ಬ್ರಿಟನ್ನಿನ ಅನುಭವ ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. 1965ರಿಂದ ನೋಂದಣಿಯಾದ ಕಾರುಗಳ ಮಾಲೀಕರು ಮುಂದಿನ ಸೀಟಿಗೆ ಬೆಲ್ಟು ಹಾಕಿಸಿಕೊಳ್ಳಲೇಬೇಕು ಎಂದು ಆ ದೇಶ 1960ರ ದಶಕದ ಕೊನೆಯಲ್ಲಿ ಕಟ್ಟುಮಾಡಿತು, ಜನ ಹಾಕಿಸಿಕೊಂಡರು. 1965ರ ಗೆರೆಯನ್ನೇ ಎಳೆದದ್ದು ಯಾಕೆಂದರೆ ಬೆಲ್ಟು ಬಿಗಿಯುವ ಜಾಗಗಳನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸುವ ನಿಯಮ ಬಂದದ್ದು ಆಗ. ಆದರೆ ಹಿಂದಿನ ಸೀಟಿನ ವಿಷಯಕ್ಕೆ ಬಂದರೆ ಅಲ್ಲಿಯೂ ಅದೇ ಆಲಸ್ಯ. ಮುಂದೆ ಕೂತವರು ಬೆಲ್ಟು ಕಟ್ಟಬೇಕೆಂಬ ನಿಯಮ ಜಾರಿಯಾದದ್ದು 1983ರ ಜನವರಿಯಲ್ಲಿ. ಹೊಸ ಕಾರಿನ ಹಿಂದಿನ ಸೀಟಿಗೆ ಬೆಲ್ಟು ಇರಬೇಕೆಂದದ್ದು 1987ರಲ್ಲಿ. ಹಿಂದೆ ಕೂತ ಮಕ್ಕಳಿಗೆ ಕಟ್ಟಬೇಕೆಂದದ್ದು 1989ರಲ್ಲಿ, ದೊಡ್ಡವರಿಗೆ 1991ರಲ್ಲಿ. ಅಮೆರಿಕದಲ್ಲಿ ಹಿಂದಿನ ಸೀಟಿನ ನಡುವೆ ಕೂತವರ ಪಾಡು ಇನ್ನೂ ಕಡೆ. ಅವರಿಗೆ ಭುಜದ ಬೆಲ್ಟು ಕೊಡಿ ಎಂಬ ಕಾಯ್ದೆ ಬಂದದ್ದು 2002ರಲ್ಲಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಕೂರಿಸುವುದು ಅಲ್ಲೇ.

ನಮ್ಮ ದೇಶದ ಕಥೆ ಇದೇ ಜಾಡಿನಲ್ಲಿ, ಇನ್ನಷ್ಟು ನಿಧಾನವಾಗಿ ನಡೆಯಿತು. ಅಂಬಾಸಿಡರ್ ಕಾರು ಬ್ರಿಟನ್ನಿನ 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ನಿಂತದ್ದು. ಅದರ ಚೌಕಟ್ಟು ಹುಟ್ಟಿದಾಗ ಬೋಲಿನ್ನರ ಬೆಲ್ಟೇ ಹುಟ್ಟಿರಲಿಲ್ಲ. ಮಧ್ಯಮ ವರ್ಗದ ಮನೆಗಳಿಗೆ 1983ರ ನಂತರ ಬಂದ ಮಾರುತಿ 800 ಹೊಸ ಕಾಲದ ಕಾರು, ಆದರೂ ಹಿಂದಿನ ಸೀಟಿಗೆ ಬೆಲ್ಟು ಕೊಡಬೇಕೆಂದು ಅದನ್ನು ಕೇಳಿದ ಕಾನೂನು ಆಗ ಇರಲಿಲ್ಲ. ಮುಂದಿನ ಎರಡು ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ, ಹಿಂದಿನದಕ್ಕೆ 2002ರಲ್ಲಿ. ಹಳೆಯ ಗಾಡಿಗಳಿಗೆ ವಿನಾಯಿತಿ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ ಬೆಲ್ಟು ಕಟ್ಟಬೇಕಾದವರ ಪಟ್ಟಿಯಲ್ಲಿ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರನ್ನು ಸೇರಿಸುತ್ತದೆ. ಮಲೆನಾಡಿನಲ್ಲಿ, ಉತ್ತರ ಕರ್ನಾಟಕದಲ್ಲಿ ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ ಊರವರನ್ನು ಹೊತ್ತೊಯ್ದ ಟ್ರ್ಯಾಕ್ಸ್, ಸುಮೊ, ಜೀಪುಗಳ ಹಿಂಭಾಗದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುವ ಅಡ್ಡ ಸೀಟುಗಳು ಈ ಮಾತಿನೊಳಗೆ ಬರುವುದೇ ಇಲ್ಲ. ಅತಿ ಹೆಚ್ಚು ಜನ ತುಂಬುವ ಜಾಗದ ಬಗ್ಗೆಯೇ ನಿಯಮಕ್ಕೆ ಮಾತಿಲ್ಲ.

ಹಿಂದಿನ ಸೀಟು ಮೊದಲಿನಿಂದಲೂ ಸುರಕ್ಷಿತ, ಅದಕ್ಕೇ ದೊಡ್ಡವರು ಅಲ್ಲಿ ಕೂರುವುದು ಎಂಬ ಮಾತಿದೆ. ಮುಂದೆ ಗಾಜು, ಸ್ಟೇರಿಂಗು ಇರುವುದರಿಂದ, ಯಾರೂ ಬೆಲ್ಟು ಕಟ್ಟದ ಕಾಲದಲ್ಲಿ ಇದು ಸ್ವಲ್ಪ ನಿಜವೂ ಆಗಿತ್ತು. ಮುಂದಿನವರು ಬೆಲ್ಟು ಕಟ್ಟತೊಡಗಿದ ಮೇಲೆ ಲೆಕ್ಕ ತಿರುಗಿತು. ಜಪಾನಿನ ಒಂದು ಲಕ್ಷಕ್ಕೂ ಮೀರಿದ ಅಪಘಾತದ ಕಾರುಗಳ ಮಾಹಿತಿ ಹಿಡಿದು ಅಲ್ಲಿನ ಸಂಶೋಧಕರು 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಪ್ರಬಂಧ ಒಂದು ವಿಚಿತ್ರ ಸತ್ಯವನ್ನು ಮುಂದಿಟ್ಟಿತು: ಹಿಂದೆ ಕೂತವರು ಬೆಲ್ಟು ಕಟ್ಟದಿದ್ದರೆ, ಮುಂದೆ ಬೆಲ್ಟು ಕಟ್ಟಿ ಕೂತವರು ಸಾಯುವ ಸಂಭವ ಸುಮಾರು ಐದು ಪಟ್ಟು. ಹಿಂದಿನವರ ದೇಹವೇ ಹಾರಿ ಬಂದು ಮುಂದಿನ ಸೀಟನ್ನು ಜಜ್ಜುತ್ತದೆ. ಹಾಗಾಗಿ ಕಟ್ಟುವುದು ಬಿಡುವುದು ನನ್ನಿಷ್ಟ ಎನ್ನುವ ಮಾತು ಹಿಂದೆ ಕೂತವರಿಗೆ ಸಲ್ಲುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ತಡೆಗೋಡೆಗೆ ಬಡಿದಾಗ ಬೆಲ್ಟು ಕಟ್ಟದೆ ಹಿಂದೆ ಕೂತಿದ್ದ ಇಬ್ಬರು ಸತ್ತರು, ಮುಂದಿದ್ದ ಇಬ್ಬರು ಬದುಕಿದರು. ಆಮೇಲಷ್ಟೇ ದೇಶಕ್ಕೆ ಹಳೆಯ ನಿಯಮ ನೆನಪಾದದ್ದು. ಅಕ್ಟೋಬರಿನಲ್ಲಿ ಕರ್ನಾಟಕದ ಪೊಲೀಸರೂ ಹಿಂದಿನವರಿಗೆ ಬೆಲ್ಟು ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ ಎಂದು ಸುತ್ತೋಲೆ ಹೊರಡಿಸಿದರು. ಆ ವರ್ಷ ದೇಶದಲ್ಲಿ ಬೆಲ್ಟು ಕಟ್ಟದೆ ಸತ್ತವರು 16,715 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ 8,331 ಜನ ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತಿದ್ದವರು. ಇತ್ತ ಬೆಲ್ಟು ಕಟ್ಟದಿದ್ದರೆ ಕೂಗುವ ಅಲಾರಾಂ ಬಾಯಿ ಮುಚ್ಚಿಸಲು ಬರೀ ಕೊಕ್ಕೆಯೊಂದನ್ನು ಮಾರುವ ವ್ಯಾಪಾರ ಎಷ್ಟು ಬೆಳೆದಿತ್ತೆಂದರೆ, 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅಂಥ ಹದಿಮೂರು ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಸಬೇಕಾಯಿತು. ಸಾಯಲು ಇಷ್ಟು ಉಪಾಯ ಬೇಕೆ ಎನಿಸುತ್ತದೆ.

ನಮ್ಮ ಹಳೆಯ ಕಾರುಗಳಿಗೆ ಈ ಚರಿತ್ರೆಯಿಂದ ಸಿಗುವ ಬುದ್ಧಿಯಲ್ಲಿ ಎರಡು ಬಗೆ. ಕಾರ್ಖಾನೆಯಲ್ಲೇ ಬಿಗಿಯುವ ಜಾಗ ಮಾಡಿಟ್ಟ ಕಾರಾದರೆ ಅಥವಾ ಅದೇ ಮಾದರಿಯ ಮುಂದಿನ ವರ್ಷಗಳ ಕಾರಿಗೆ ಬೆಲ್ಟು ಬಂದಿದ್ದರೆ, ಆ ಕಂಪನಿಯದೇ ಹೊಸ ಬೆಲ್ಟು ತಂದು ಹಾಕಿಸುವುದು ಅರ್ಧ ದಿನದ ಕೆಲಸ. ಅಂಥ ಜಾಗವೇ ಇಲ್ಲದ ಕಾರಿನಲ್ಲಿ ಟಿಂಕರಿಂಗ್ ಶೆಡ್ಡಿನಲ್ಲಿ ನೆಲದ ತಗಡಿಗೆ ನಟ್ಟು ವೆಲ್ಡ್ ಮಾಡಿಸಿ ಬೆಲ್ಟು ಬಿಗಿಸುವುದು ಕಣ್ಣಿಗೆ ಬೆಲ್ಟು, ಡಿಕ್ಕಿಯ ಹೊತ್ತಿಗೆ ಬರೀ ಪಟ್ಟಿ. ತುಕ್ಕು ಹಿಡಿದ ಒಂದು ಮಿಲಿಮೀಟರ್ ತಗಡು ಟನ್ನುಗಟ್ಟಲೆ ಎಳೆತಕ್ಕೆ ನಿಲ್ಲುವುದಿಲ್ಲ. ಅಂಥ ಕಾರನ್ನು ಪ್ರೀತಿಗೆ ಇಟ್ಟುಕೊಳ್ಳಲಿ, ಮನೆಮಂದಿಯನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಸದಿರುವುದು ಒಳ್ಳೆಯದು. ಐವರು ಕೂರುವ ಕಾರಿನಲ್ಲಿ ಎಂಟು ಜನ ಹೋಗುವ ನಮ್ಮ ಸಂಸಾರಗಳಿಗೆ ಬೆಲ್ಟಿನ ಲೆಕ್ಕ ಕೂಡಿಬರುವುದಿಲ್ಲ ಎಂಬ ಆಕ್ಷೇಪ ನಿಜವಾದದ್ದೇ. ಹೆಚ್ಚುವರಿ ಮೂವರಿಗೆ ಬಸ್ಸಿದೆ ಎಂಬುದಕ್ಕಿಂತ ಬೇರೆ ಉತ್ತರ ಇದಕ್ಕೆ ಇಲ್ಲ. 2002ರ ಈಚೆಗಿನ ಕಾರುಗಳಲ್ಲಿ ಬೆಲ್ಟು ಇದ್ದೂ ಇಲ್ಲದಂತಾಗಿರುವುದು ಇನ್ನೂ ಬೇಸರದ ವಿಷಯ: ಕುಷನ್ ಅಂಗಡಿಯವರು ಹೊಸ ಸೀಟ್ ಕವರ್ ಹೊಲಿದು ಎಳೆದು ಕಟ್ಟುವಾಗ ಬಕಲ್ಲುಗಳು ಸೀಟಿನ ಅಡಿಗೆ ಸೇರಿಹೋಗುತ್ತವೆ, ಮತ್ತೆ ಯಾರೂ ಹೊರಗೆ ತೆಗೆಯುವುದಿಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಗಾಡಿ ತರಲೇಬೇಕಲ್ಲ, ಹೊಗೆ, ಬ್ರೇಕು, ಲೈಟು ನೋಡುವವರು ಹಿಂದಿನ ಸೀಟಿನ ಮೂರೂ ಬೆಲ್ಟನ್ನು ಎಳೆದು, ಬಕಲ್ಲಿಗೆ ಸಿಕ್ಕಿಸಿ ನೋಡಿಯೇ ಸಹಿ ಹಾಕಬೇಕು ಎಂದು ಸಾರಿಗೆ ಇಲಾಖೆ ಒಂದು ಆದೇಶ ಹೊರಡಿಸಲಿ. ಅಲ್ಲಿಯವರೆಗೆ ಆ ಕೆಲಸವನ್ನು ಈ ಭಾನುವಾರ ಮನೆಯ ಮುಂದೆ ನಿಂತಿರುವ ಕಾರಿನಲ್ಲಿ ನೀವೇ ಮಾಡಿ ನೋಡಿ.