ಒಡೆಯನಿಲ್ಲದ ಭಯಚಿತ್ರಗಳು ಮತ್ತು ಅವುಗಳ ಪಾಠಾಂತರಗಳು

ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ತೂಗಿನೋಡುವುದು ನಮ್ಮ ವಿದ್ವಾಂಸರಿಗೆ ಹೊಸ ಕಾರ್ಯವಲ್ಲ. ಕೆ. ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿದ ಕಾಲದಿಂದಲೂ ಆ ಶಿಸ್ತು ನಮ್ಮಲ್ಲಿ ಬೇರೂರಿದೆ. ಚಲಚ್ಚಿತ್ರಕ್ಕೂ ಪಾಠಾಂತರಗಳುಂಟೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿದಂತಿಲ್ಲ. ಕೃತಿಸ್ವಾಮ್ಯ ಕಳಚಿಹೋದ ಹಳೆಯ ಭಯಾನಕ ಚಿತ್ರಗಳಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಒಡೆಯನಿಲ್ಲದ ಹೊಲದಲ್ಲಿ ಯಾರ ದನವಾದರೂ ಮೇಯುವಂತೆ, ಇಂತಹ ಚಿತ್ರಗಳನ್ನು ಯಾರು ಬೇಕಾದರೂ ವಿಡಿಯೋ ಕ್ಯಾಸೆಟ್ಟಿನಲ್ಲಿಯೋ ಡಿ.ವಿ.ಡಿ.ಯಲ್ಲಿಯೋ ಹೊರತಂದು ಮಾರಬಹುದು, ಮಾರಿಯೂ ಇದ್ದಾರೆ. ಹೊದಿಕೆಯ ಮೇಲಿನ ಹೆಸರು ಒಂದೇ, ಒಳಗಿನ ಚಿತ್ರ ಬೇರೆ ಬೇರೆ.

ಜರ್ಮನಿಯ ಎಫ್. ಡಬ್ಲ್ಯೂ. ಮುರ್ನೌ 1922ರಲ್ಲಿ ನಿರ್ದೇಶಿಸಿದ ‘ನೊಸ್ಫೆರಾಟು’ವನ್ನು ನೋಡೋಣ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು (1897) ಅನುಮತಿಯಿಲ್ಲದೆ ಬಳಸಿಕೊಂಡ ಚಿತ್ರವಿದು. ಪಾತ್ರಗಳ ಹೆಸರುಗಳನ್ನು ಬದಲಿಸಿದ್ದರೂ ಮೂಲ ಕಾದಂಬರಿಯ ಋಣವನ್ನು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡಿದ್ದ ಈ ನಿರ್ಮಾಪಕರ ಮುಗ್ಧತೆ ಸೋಜಿಗದ್ದೇ ಸರಿ. ಸ್ಟೋಕರನ ವಿಧವೆ ನ್ಯಾಯಾಲಯದ ಮೆಟ್ಟಿಲೇರಿದಳು. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು ತೀರ್ಪಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರನಾಡುಗಳಿಗೆ ಹೋಗಿಬಿಟ್ಟಿದ್ದವು. ಇಂದು ನಾವು ಕಾಣುವುದೆಲ್ಲವೂ ಆ ಪರದೇಶವಾಸಿಗಳ ಸಂತಾನವೇ. ಅಮೆರಿಕೆಯಲ್ಲಿ ಹರಡಿದ ಅನೇಕ ಪ್ರತಿಗಳಲ್ಲಿ ಕೌಂಟ್ ಓರ್ಲೋಕನು ಮರಳಿ ಡ್ರಾಕುಲಾ ಆಗಿದ್ದಾನೆ!

ಅಗ್ಗದ ಪ್ರತಿಗಳ ದೊಡ್ಡ ದೋಷ ಬಣ್ಣಕ್ಕೆ ಸಂಬಂಧಿಸಿದ್ದು. ಅಂದಿನ ಫಿಲ್ಮಿಗೆ ಇರುಳನ್ನು ಸೆರೆಹಿಡಿಯುವ ಶಕ್ತಿಯಿರಲಿಲ್ಲವಾದ್ದರಿಂದ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲಿ ತೆಗೆದು, ಬಳಿಕ ಪ್ರತಿಗೆ ನೀಲಿ ಬಣ್ಣ ಹಾಯಿಸುತ್ತಿದ್ದರು. ನೀಲಿಯೆಂದರೆ ಇರುಳೆಂದು ಪ್ರೇಕ್ಷಕನು ತಿಳಿಯುತ್ತಿದ್ದನು. ಬಣ್ಣವಿಲ್ಲದ ಪ್ರತಿಯಲ್ಲಿಯಾದರೋ ಓರ್ಲೋಕನು ತನ್ನ ಶವಪೆಟ್ಟಿಗೆಯನ್ನು ಹೊತ್ತು ಹಾಡಹಗಲೇ ಊರಿನ ಬೀದಿಯಲ್ಲಿ ನಡೆದುಬರುತ್ತಾನೆ. ಇದು ಕೇವಲ ಅಂದದ ಮಾತಲ್ಲ. ಸ್ಟೋಕರನ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲಿಯೂ ಓಡಾಡಬಲ್ಲನು. ಸೂರ್ಯಕಿರಣ ತಾಕಿದೊಡನೆ ರಕ್ತಪಿಶಾಚಿ ಅಳಿಯುವುದೆಂಬ ಕಲ್ಪನೆ ಈ ಚಿತ್ರದ ಸ್ವಂತ ಕೊಡುಗೆ. ಬಣ್ಣ ತೊಳೆದುಹೋದ ಪ್ರತಿಯಲ್ಲಿ ಆ ಮುಕ್ತಾಯವೇ ಅರ್ಥಹೀನವಾಗುತ್ತದೆ. ಮುರ್ನೌ ಎಡವಿದನೆಂದು ನಗುವವರು ನಕಲುಗಾರನ ತಪ್ಪನ್ನು ಕವಿಯ ತಲೆಗೆ ಕಟ್ಟಿದಂತಾಯಿತು.

ವೇಗದ ವಿಷಯವೂ ಹೀಗೆಯೇ. ಸೆಕೆಂಡಿಗೆ 18 ಚೌಕಟ್ಟುಗಳಂತೆ ತೋರಿಸಿದಾಗ ಸುಮಾರು 94 ನಿಮಿಷ ನಡೆಯುವ ಚಿತ್ರವು, ಮಾತಿನ ಚಿತ್ರಗಳ 24ರ ವೇಗದಲ್ಲಿ 70 ನಿಮಿಷಕ್ಕೆ ಮುಗಿದುಹೋಗುತ್ತದೆ. ಪಿಶಾಚಿಯ ಸಾರೋಟು ಮಾತ್ರ ಅಸಹಜ ವೇಗದಲ್ಲಿ ಓಡಬೇಕೆಂಬುದು ನಿರ್ದೇಶಕನ ಉದ್ದೇಶ. ಎಲ್ಲರೂ ಓಡುವ ಪ್ರತಿಯಲ್ಲಿ ಆ ಓಟಕ್ಕೆ ಬೆಲೆಯೆಲ್ಲಿ? ಪ್ಯಾರಿಸಿನ ಸಿನೆಮತೆಕ್‌ನಲ್ಲಿ ಉಳಿದಿದ್ದ ಬಣ್ಣದ ಫ್ರೆಂಚ್ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಮುರ್ನೌ ಪ್ರತಿಷ್ಠಾನಕ್ಕಾಗಿ ಲೂಸಿಯಾನೊ ಬೆರಿಯಾತುವಾ ಸಿದ್ಧಪಡಿಸಿದ ಶುದ್ಧಪಾಠವು 2007ರಲ್ಲಿ ಡಿ.ವಿ.ಡಿ.ಯಾಗಿ, 2013ರಲ್ಲಿ ಬ್ಲೂ-ರೇ ಆಗಿ ಹೊರಬಂದಿತು. ಹಾನ್ಸ್ ಎರ್ಡ್‌ಮನ್ನನ ಮೂಲ ಸಂಗೀತವನ್ನೂ ಪುನಾರಚಿಸಿ ಅದರೊಡನೆ ಕೂಡಿಸಿದ್ದಾರೆ. ಅಭ್ಯಾಸಿಗೆ ನಾನು ಸೂಚಿಸುವ ಪಾಠ ಇದೇ.

ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಸ್ವಾಮ್ಯ ಕಳೆದುಕೊಂಡ ಬಗೆ ಬೇರೆ. ಪಿಟ್ಸ್‌ಬರ್ಗಿನ ಈ ಚಿತ್ರದ ಹೆಸರನ್ನು ವಿತರಕರು ಬದಲಿಸಿದಾಗ, ಹಳೆಯ ಶೀರ್ಷಿಕೆಯೊಡನಿದ್ದ ಸ್ವಾಮ್ಯಸೂಚನೆ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾಯಿದೆಯಂತೆ ಸೂಚನೆಯಿಲ್ಲದ ಕೃತಿ, ಸಹಿಯಿಲ್ಲದ ಚೆಕ್ಕಿನಂತೆ, ನಿಲ್ಲಲಾರದು. ಮಸುಕಾದ ಪ್ರತಿಗಳು ಪೇಟೆಯನ್ನು ತುಂಬಿದವು. 1986ರಲ್ಲಿ ಒಬ್ಬರು ಅದಕ್ಕೆ ಬಣ್ಣವನ್ನೇ ಬಳಿದರು. 30ನೆಯ ವರ್ಷದ ನೆಪದಲ್ಲಿ ಹೊಸ ದೃಶ್ಯಗಳನ್ನು ಹೆಣೆದ ಆವೃತ್ತಿಯಂತೂ ಶುದ್ಧ ಪ್ರಕ್ಷೇಪ. ಸೇರಿಸಿದ ಭಾಗಕ್ಕೆ ಹೊಸ ಸ್ವಾಮ್ಯ ದೊರೆಯುತ್ತದೆಂಬುದನ್ನು ಬಲ್ಲವರಿಗೆ ಇದರ ಒಳಮರ್ಮ ತಿಳಿಯದಿರದು. ಅದೃಷ್ಟವಶಾತ್ ಮೂಲ ನೆಗೆಟಿವ್ ಉಳಿದಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಹಾಗೂ ಫಿಲ್ಮ್ ಫೌಂಡೇಷನ್ನುಗಳು ಅದನ್ನು ಪುನರುದ್ಧರಿಸಿದವು; ಕ್ರೈಟೀರಿಯನ್ ಸಂಸ್ಥೆ 2018ರಲ್ಲಿ ಪ್ರಕಟಿಸಿತು.

ಹಾಗೆಂದು ಅಗ್ಗದ ಪ್ರತಿಗಳನ್ನು ನಾನು ಹಳಿಯಲಾರೆ. ಹೊರನಾಡಿನಲ್ಲಿ ಪ್ರತಿಗಳು ಉಳಿಯದಿದ್ದರೆ ನ್ಯಾಯಾಲಯದ ಆಜ್ಞೆ ‘ನೊಸ್ಫೆರಾಟು’ವನ್ನು ಮುಗಿಸಿಬಿಡುತ್ತಿತ್ತು. ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡ ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಮೇಲೆ ಇಂದು ಯಾರ ಸ್ವಾಮ್ಯವೂ ಇಲ್ಲ, ನಮ್ಮ ಕಾಯಿದೆಯ 60 ವರ್ಷಗಳು ಎಂದೋ ಕಳೆದವು. ಯಾರು ಬೇಕಾದರೂ ಹೊರತರಬಹುದು. ಹೊರತರಲು ಮಸುಕಾದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು 1964ರಲ್ಲಿ. ಆ ವೇಳೆಗೆ ಚಿತ್ರ ತೆರೆಕಂಡು 30 ವರ್ಷಗಳು ಸಂದಿದ್ದವು.