ಹಿತ್ತಲ ಬಟಾಟೆಗೆ ಬೀಜ ಎಲ್ಲಿಯದು?

ರೋಣ ಸೀಮೆಯ ಇಟಗಿಯಂಥ ಊರುಗಳಲ್ಲಿ ಹಿತ್ತಲೆಂದರೆ ಬೀಜದ ಭಂಡಾರವೂ ಹೌದು. ಅವರೆ, ಹೀರೆ, ಬದನೆಯ ಬೀಜಗಳನ್ನು ಒಣಗಿಸಿ, ಬೂದಿ ಬೆರೆಸಿ ಮುಂದಿನ ವರ್ಷಕ್ಕೆ ಕಾದಿಡುವುದು ಮನೆಯ ಹೆಣ್ಣುಮಕ್ಕಳ ಹಳೆಯ ವಿದ್ಯೆ. ಈ ವಿದ್ಯೆ ಬಟಾಟೆಯ ಮುಂದೆ ಮಾತ್ರ ನಡೆಯಲಿಲ್ಲ.

ಬಟಾಟೆ, ಅಂದರೆ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಸ್ಪೇನಿನವರು ಅದನ್ನು 16ನೆಯ ಶತಮಾನದಲ್ಲಿ ಯುರೋಪಿಗೆ ಒಯ್ದರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಬಗೆಬಗೆಯ ಅಡುಗೆಗಳನ್ನು ವರ್ಣಿಸಿದ್ದಾನೆ, ಅಲ್ಲಿ ಆಲೂಗಡ್ಡೆ ಇರುವಂತಿಲ್ಲ, ಮೆಣಸಿನಕಾಯಿಯೂ ಇರುವಂತಿಲ್ಲ. ಸಂಸ್ಕೃತದ ‘ಆಲುಕ’ ಬೇರೆ ಗಡ್ಡೆಗಳಿಗಿದ್ದ ಹೆಸರು. ‘ಬಟಾಟೆ’ ಪೋರ್ಚುಗೀಸರ ಬಾಯಿಂದ ಬಂದ ಮಾತು. ಇಂಗ್ಲಿಷ್ ವೈದ್ಯ ಜಾನ್ ಫ್ರಾಯರ್ 1670ರ ದಶಕದಲ್ಲಿ ನಮ್ಮ ಕಡೆಯ ತೋಟಗಳಲ್ಲಿ ‘ಪೊಟೇಟೊ’ ಕಂಡುದಾಗಿ ಬರೆದಿದ್ದಾನೆ. ಇದನ್ನೇ ಮೊದಲ ಸಾಕ್ಷಿಯೆಂದು ಹಲವರು ಉತ್ಸಾಹದಿಂದ ಎತ್ತಿ ಹೇಳುವುದುಂಟು. ಆದರೆ ಆ ಕಾಲದ ಇಂಗ್ಲಿಷರು ಗೆಣಸನ್ನೂ ಹಾಗೆಯೇ ಕರೆಯುತ್ತಿದ್ದರು. ಅವನು ಕಂಡದ್ದು ಗೆಣಸೇ ಇದ್ದೀತೆಂದು ನನಗೆ ತೋರುತ್ತದೆ. ಆಲೂಗಡ್ಡೆ ನಿಜವಾಗಿ ಹರಡಿದ್ದು ಬ್ರಿಟಿಷರ ಕಾಲದಲ್ಲಿ, ಅದೂ ತಂಪು ಸೀಮೆಗಳಲ್ಲಿ.

ತಂಪೇ ಇದರ ಗುಟ್ಟು. ರಾತ್ರಿಯ ಉಷ್ಣತೆ 20 ಡಿಗ್ರಿ ಮೀರಿದರೆ ಬಳ್ಳಿ ಸೊಂಪಾಗಿ ಬೆಳೆದೀತು, ಗಡ್ಡೆ ಕಟ್ಟಲಾರದು. ಹಾಸನ, ಬೆಳಗಾವಿ, ಧಾರವಾಡಗಳಲ್ಲಿ ಇದು ಮುಂಗಾರಿನ ಬೆಳೆ. ಒಣಹವೆಯ ಇಟಗಿಯ ಹಿತ್ತಲಿಗೆ ಅಕ್ಟೋಬರ್–ನವೆಂಬರ್ ನಾಟಿಯೇ ತಕ್ಕದ್ದು. ಎರೆಮಣ್ಣಿನಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ತಿಪ್ಪೆಗೊಬ್ಬರ ಬೆರೆಸಿ ಬೋದು ಏರಿಸಬೇಕು. ತಿಂಗಳಿಗೆ ಬುಡಕ್ಕೆ ಮತ್ತೆ ಮಣ್ಣೇರಿಸಬೇಕು. ಬಿಸಿಲು ತಾಗಿ ಹಸಿರಾದ ಗಡ್ಡೆ ವಿಷ, ಪಲ್ಯಕ್ಕೆ ಬಾರದು.

ಫೆಬ್ರುವರಿಯಲ್ಲಿ ಅಗೆದ ಗಡ್ಡೆಯನ್ನು ಬೀಜಕ್ಕೆಂದು ಅಕ್ಟೋಬರಿನವರೆಗೆ ಇಡುವುದು ಹೇಗೆ? ನಡುವೆ ಬಯಲುಸೀಮೆಯ ಬೇಸಿಗೆಯಿದೆ. ಗಡ್ಡೆ ಸೊರಗುತ್ತದೆ, ಕೊಳೆಯುತ್ತದೆ. ಉಳಿದದ್ದು ರೋಗ ಹೊತ್ತಿರುತ್ತದೆ. ಗಡ್ಡೆಯಿಂದ ಹುಟ್ಟಿದ ಗಿಡ ತಾಯಿಯ ತದ್ರೂಪ. ತಾಯಿಯ ನಂಜೂ ಅದಕ್ಕೆ ಬರುತ್ತದೆ. 1845ರಲ್ಲಿ ಐರ್ಲೆಂಡಿಗೆ ಅಂಗಮಾರಿ ರೋಗ ಬಿದ್ದಾಗ ಹೊಲಹೊಲವೆಲ್ಲ ಒಂದೇ ತಳಿಯಾಗಿದ್ದುದು ಮುಳುವಾಯಿತು. ಆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ನಮ್ಮಲ್ಲಿ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ, 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅದು 1968ರಲ್ಲಿ ಬಿಡುಗಡೆ ಮಾಡಿದ ‘ಕುಫ್ರಿ ಜ್ಯೋತಿ’ ಹಾಸನದ ಹೊಲಗಳನ್ನೆಲ್ಲ ಆವರಿಸಿತು. ಆರಂಭದಲ್ಲಿ ಅಂಗಮಾರಿಯನ್ನು ತಾಳಿಕೊಂಡ ತಳಿ ಕಾಲಕ್ರಮದಲ್ಲಿ ಸೋತಿತು. ಬೀಜದ ಗಡ್ಡೆ ಮಾತ್ರ ವರ್ಷವರ್ಷವೂ ದೂರದ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರಬೇಕಾಯಿತು. ಬೆಲೆ ಅವರದು, ನಷ್ಟ ನಮ್ಮದು.

ಇತ್ತೀಚೆಗೆ ಹಾಸನದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಂಗಾಂಶ ಕೃಷಿಯ ನಿರೋಗಿ ತಾಯಿಗಿಡದ ಕುಡಿ ಚಿವುಟಿ, ಬೇರು ಬರಿಸಿ, ಬದನೆ ಸಸಿಯಂತೆಯೇ ನಾಟಿ ಮಾಡಿ, ಬೀಜದ ಗಡ್ಡೆಯನ್ನು ಅಲ್ಲಿಯೇ ಬೆಳೆದುಕೊಳ್ಳುತ್ತಾರೆ. ಸಸಿ ಎಂದ ಮೇಲೆ ಹಿತ್ತಲ ಮಡಿಗೂ ಅದು ಬಂದೀತು.